ತಡಿಯಂಡಮೋಳ್ ಹತ್ತೋ ಮುಂಚೆ ಕಾಲಿನ ಉಗುರು ಕತ್ತರಿಸಿಕೊಳ್ಳಿ

ಕೊಡಗಿನವನೇ ಆಗಿ ಕೊಡಗಿನಲ್ಲೇ ಟೋಪಿ ಹಾಕಿಸಿಕೊಂಡು ಬಂದೆ ಅಂತ ನಮ್ಮ ಬೀದಿಯಲ್ಲಿ ಇನ್ನೂ ನಗ್ತಿದ್ದಾರೆ. ನಗಲಿ. ಈ ಬೇಸಿಗೆಯ ಕೊನೆಗೆ ಮೊದಲ ಸಲ ದೊಡ್ಡ ಬೆಟ್ಟ ಹತ್ತೋಣ ಅಂದುಕೊಂಡವರಿಗೆ ಉಪಯೋಗ ಆಗಬಹುದು ಅಂತ ಬರೀತಿದ್ದೇನೆ.

ನಾನು ಕುಶಾಲನಗರದವನು, ವಯಸ್ಸು ನಲವತ್ನಾಲ್ಕು. ನಾಪೋಕ್ಲು ಕಡೆ ಮದುವೆಗೆ ಹೋದಾಗಲೆಲ್ಲ ತಡಿಯಂಡಮೋಳ್ ಅನ್ನು ದೂರದಿಂದ ನೋಡಿ, 'ಒಂದ್ಸಲ ಹತ್ತಬೇಕು' ಅಂದುಕೊಂಡು ಊಟದ ಪಂಕ್ತಿಗೆ ಓಡಿದವನು. 1,748 ಮೀಟರ್, ನಮ್ಮ ಜಿಲ್ಲೆಯ ಅತಿ ಎತ್ತರದ ಶಿಖರ. ನಮ್ಮೂರೋ ಹೊಳೆ ದಂಡೆಯ ಸಪಾಟು ಊರು. ಇಲ್ಲಿ ಹತ್ತುವಂಥದ್ದು ಅಂದರೆ ರಸ್ತೆಯ ಹಂಪು ಮಾತ್ರ.

ಅದಕ್ಕೇ ಒಂದು ತಿಂಗಳು ತಯಾರಿ ಮಾಡಿದೆ. ದಿನಾ ಬೆಳಗ್ಗೆ ಆರು ಕಿಲೋಮೀಟರ್ ನಡಿಗೆ, ಕಾವೇರಿ ದಂಡೆಯ ಕಡೆ. ಮೊಬೈಲು 'ಶಭಾಷ್' ಅನ್ನುತ್ತಿತ್ತು, ನಾನೂ ಉಬ್ಬುತ್ತಿದ್ದೆ. ಬೆಟ್ಟದಲ್ಲಿ ಆ ನಡಿಗೆ ಮೂರು ಕಾಸಿಗೂ ಬರಲಿಲ್ಲ. ಸಪಾಟು ನೆಲದಲ್ಲಿ ಎಷ್ಟು ನಡೆದರೂ ತೊಡೆ ಪಳಗುವುದಿಲ್ಲ. ಮಡಿಕೇರಿ ಹತ್ತಿರ ಇರುವವರು ಓಂಕಾರೇಶ್ವರ ದೇವಸ್ಥಾನದ ಕಡೆಯಿಂದ ಕೋಟೆಗೆ ಏರುವ ರಸ್ತೆಯಲ್ಲಿ ನಾಲ್ಕು ವಾರ ಹತ್ತಿ ಇಳಿಯಿರಿ. ಬೇರೆಯವರು ಯಾವುದಾದರೂ ನಾಲ್ಕಂತಸ್ತಿನ ಮೆಟ್ಟಿಲು ಹುಡುಕಿ, ಬೆನ್ನಿಗೆ ಮೂರು ಬಾಟಲಿ ನೀರು ಹೊತ್ತು ಹತ್ತಿ. ಇಳಿಯುವಾಗ ಲಿಫ್ಟ್ ಹಿಡಿಯಬೇಡಿ. ಮಂಡಿ ಬೇಯುವುದು ಇಳಿಯುವಾಗಲೇ.

ನಾವು ಹೋದದ್ದು ಮೇ ಎರಡನೇ ವಾರ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಇರುವುದರಿಂದ ಅರಣ್ಯ ಇಲಾಖೆಯವರು ಚಾರಣ ನಿಲ್ಲಿಸುವುದುಂಟು. ಎರಡು ಒಳ್ಳೇ ಮಳೆ ಬಿದ್ದಮೇಲೆ ನಮಗೆ ದಾರಿ ತೆರೆಯಿತು. ತಿಂಗಳ ಕೊನೆವರೆಗೆ ತಳ್ಳೋಣ ಅಂದರೆ ಅದೂ ಜೂಜು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು, ಕೇರಳಕ್ಕೆ ಬಂದ ಮಳೆಗೆ ಕೊಡಗು ಪಕ್ಕದ ಮನೆ. ಹಾಗಾಗಿ ಮೊದಲು ದಾರಿ ತೆರೆದಿದೆಯಾ ನೋಡಿ, ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಿ, ಆಮೇಲೆ ರೂಮು. ನಾವು ಮಾಡಿದ್ದು ಉಲ್ಟಾ. ಟಿಕೆಟ್ಟನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಗೇಟಿನ ಹತ್ತಿರ ನನ್ನ ಮೊಬೈಲಿಗೆ ನೆಟ್‌ವರ್ಕು ಅನ್ನುವುದು ಒಂದು ಗೆರೆಯೂ ಸಿಗಲಿಲ್ಲ.

ಈಗ ರೂಮಿನ ವಿಷಯ. ಹೆಸರು ಹೇಳಲ್ಲ. ಜೊತೆಗಿದ್ದವನು ನನ್ನ ಭಾವಮೈದ, ಬೆಂಗಳೂರಿನಲ್ಲಿ ಕೆಲಸ, ರೂಮು ಹಿಡಿದವನು ಅವನೇ. ಫೋಟೋದಲ್ಲಿ ಬೆಟ್ಟ ಕಿಟಕಿಯೊಳಗೇ ನುಗ್ಗುವಂತಿತ್ತು. 'ಬೆಟ್ಟದ ಬುಡದಲ್ಲೇ ಸಾರ್, ತಲೆಗೆ 2,500, ಊಟ ತಿಂಡಿ ಎಲ್ಲ ಸೇರಿ' ಅಂದಿದ್ದರಂತೆ. ಬುಡ ಅಂದರೆ ಮುಖ್ಯರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ, ಅದೂ ಬೆಟ್ಟಕ್ಕೆ ಬೆನ್ನು ಹಾಕಿದ ದಿಕ್ಕಿಗೆ. ಬಸ್ಸು ಇಳಿದ ಜಾಗದಿಂದ ಅವರ ಜೀಪಿಗೆ 600. ಕಿಟಕಿಯಲ್ಲಿ ಕಂಡದ್ದು ನೀಲಿ ನೀರಿನ ಟ್ಯಾಂಕು. ರಾತ್ರಿ ಮಳೆ ಬಂದು ಕ್ಯಾಂಪ್‌ಫೈರ್ ಹೊತ್ತಲೇ ಇಲ್ಲ, ಆದರೂ ಬಿಲ್ಲಿನಲ್ಲಿ ಸೌದೆಗೆ 500 ಬರೆದಿದ್ದರು. ಸೌದೆ ನೆನೆದದ್ದು ನಮ್ಮ ತಪ್ಪಂತೆ!

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು, ಬೆಳಗ್ಗೆ ಎಂಟೂವರೆಗೆ ಮುಂಚೆ ತಿಂಡಿ ಇಲ್ಲ, ಜೀಪೂ ಇಲ್ಲ ಅಂದದ್ದು. ಬೆಟ್ಟ ಹತ್ತುವವರಿಗೆ ಅಂತಲೇ ನಡೆಸುವ ಮನೆ! ಎಂಟೂವರೆಗೆ ತಿಂದು ಹತ್ತಕ್ಕೆ ಗೇಟು ಮುಟ್ಟಿದರೆ ಬಿಸಿಲು ನೆತ್ತಿ ಮೇಲೆ, ಗುಡುಗು ಬೆನ್ನ ಹಿಂದೆ. ರೂಮು ಕೇಳುವಾಗ 'ವ್ಯೂ ಹೇಗಿದೆ' ಅನ್ನುವುದು ಬಿಟ್ಟು, 'ಬೆಳಗ್ಗೆ ಐದೂವರೆಗೆ ತಿಂಡಿ ಕೊಡ್ತೀರಾ, ಗೇಟಿಗೆ ನಡೆದುಕೊಂಡು ಎಷ್ಟು ಹೊತ್ತು' ಅಂತ ಎರಡೇ ಪ್ರಶ್ನೆ ಕೇಳಿ. ಕೊನೆಗೆ ದುಡ್ಡು ಎಣಿಸುವಾಗ ನಮ್ಮೂರು ಕೇಳಿದ ಯಜಮಾನರು, 'ಅಯ್ಯೋ, ಕುಶಾಲನಗರದವರಾ? ಬೆಂಗಳೂರು ಅಂದುಕೊಂಡೆ. ಮೊದಲೇ ಹೇಳಬಾರದಿತ್ತಾ' ಅಂತ 200 ರೂಪಾಯಿ ವಾಪಸ್ ಕೊಟ್ಟರು. ಆ 200 ನನಗೆ ಇನ್ನೂ ಜಾಸ್ತಿ ಉರಿಸಿತು.

ಆದರೆ ಆ ಎಂಟೂವರೆಯಿಂದಲೇ ನಮಗೆ ಅಕ್ಕನ ಹೋಟೆಲು ಸಿಕ್ಕಿತು. ಐದೂವರೆಗೇ ಹೊರಟು, ಹಸಿದ ಹೊಟ್ಟೆಯಲ್ಲಿ ತೋಟದ ಮಧ್ಯೆ ನಾಲ್ಕು ಕಿಲೋಮೀಟರ್ ನಡೆದು ರಸ್ತೆಗೆ ಬಂದಾಗ ಒಂದು ಶೀಟಿನ ಮನೆಯಿಂದ ಹೊಗೆ ಬರುತ್ತಿತ್ತು. ಬೋರ್ಡಿಲ್ಲ, ಎರಡು ಬೆಂಚು, ಗೋಡೆಗೆ ಒರಗಿಸಿಟ್ಟ ಒಂದು ಕಂತೆ ಕೋಲು. ತೋಟದ ಕೆಲಸಕ್ಕೆ ಹೋಗುವ ನಾಲ್ಕೈದು ಜನ ಆಗಲೇ ಕೂತಿದ್ದರು. ಹೋಟೆಲು ನಡೆಸುವ ಅಕ್ಕ ಅಕ್ಕಿ ಒಟ್ಟಿಯನ್ನು, ಅಂದರೆ ನಮ್ಮ ಕೊಡಗಿನ ಅಕ್ಕಿ ರೊಟ್ಟಿಯನ್ನು, ಹೆಂಚಿನಿಂದ ತೆಗೆದು ನೇರ ಕೆಂಡಕ್ಕೆ ಹಾಕಿ ಉಬ್ಬಿಸಿ, ಕೈಯಲ್ಲೇ ಬೂದಿ ತಟ್ಟಿ ತಟ್ಟೆಗೆ ಹಾಕುತ್ತಿದ್ದರು. ಜೊತೆಗೆ ಸಿಹಿಗುಂಬಳದ ಕರಿ, ಎಳ್ಳಿನ ಪಜ್ಜಿ, ಅಂದರೆ ಚಟ್ನಿ. ನಾನು ಮೂರನೇ ಒಟ್ಟಿಗೆ ಬಂದಾಗ ಹಲಸಿನ ಬೀಜದ ಪಲ್ಯ ಇಳಿಯಿತು, 'ಇದು ಮನೆಗೆ ಮಾಡಿದ್ದು, ಸ್ವಲ್ಪ ನೋಡಿ' ಅಂತ ಬಡಿಸಿದರು. ಆ ಸ್ವಲ್ಪಕ್ಕೋಸ್ಕರ ಇನ್ನೆರಡು ಒಟ್ಟಿ ತಿಂದೆ. ಮೇಲೆ ಬೆಲ್ಲ ಹಾಕಿದ ಕರಿ ಕಾಪಿ, ಲೋಟದ ಅಂಚಿನವರೆಗೆ. ನನಗೆ ಫಿಲ್ಟರ್ ಕಾಫಿಯ ಚಟ, ಆದರೆ ಚಳಿ ಬೆಳಗಿಗೆ ಈ ಕಾಪಿಯ ಮುಂದೆ ಅದು ಸಪ್ಪೆ. ಇಬ್ಬರಿಗೂ ಸೇರಿ 140 ರೂಪಾಯಿ. ಮಧ್ಯಾಹ್ನಕ್ಕೆ ಬಾಳೆ ಎಲೆಯಲ್ಲಿ ನಾಲ್ಕು ಒಟ್ಟಿ, ನಿಂಬೆ ಉಪ್ಪಿನಕಾಯಿ ಕಟ್ಟಿಸಿಕೊಂಡೆವು, ಅದಕ್ಕೆ ಬೇರೆ 50.

ಭಾವಮೈದ ಆನ್‌ಲೈನಿನಲ್ಲಿ 1,900 ಕೊಟ್ಟು ತರಿಸಿದ್ದ ಮಡಚುವ ಕೋಲನ್ನು ಅಕ್ಕ ತಿರುಗಿಸಿ ನೋಡಿದರು. ಏನೂ ಅನ್ನಲಿಲ್ಲ. ಆ ಕಂತೆಯಿಂದ ಕಾಫಿ ಗಿಡದ ಕೋಲು ಒಂದನ್ನು ಎಳೆದು ನನಗೆ ಕೊಟ್ಟರು. ಎಷ್ಟಕ್ಕ ಅಂದೆ. 'ಬರುವಾಗ ಇಲ್ಲೇ ಇಟ್ಟು ಹೋಗಿ. ಗಾಳಿ ಇಲ್ಲ ಇವತ್ತು, ಮಧ್ಯಾಹ್ನ ಗುಡುಗು ಬರ್ತದೆ. ಹನ್ನೊಂದೂವರೆಗೆ ಎಲ್ಲಿದ್ದರೂ ತಿರುಗಿ' ಅಂದರು.

ದಾರಿ ಶುರುವಾಗುವುದು ನಾಲ್ಕುನಾಡು ಅರಮನೆಯ ಹತ್ತಿರದಿಂದ. ದೊಡ್ಡವೀರರಾಜೇಂದ್ರ 1792ರಿಂದ 1794ರೊಳಗೆ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜ ಅಡಗಲು ಬಂದ ಜಾಗವೂ ಇದೇ. ಒಳಗೆ ಹೋಗುವುದನ್ನು ವಾಪಸ್ ಬರುವಾಗಕ್ಕೆ ಇಟ್ಟುಕೊಂಡೆವು, ಬರುವಾಗ ಆ ಮೆಟ್ಟಿಲು ಹತ್ತಲು ಕಾಲು ಒಪ್ಪಲಿಲ್ಲ. ನೋಡುವುದಿದ್ದರೆ ಹಿಂದಿನ ದಿನವೇ ನೋಡಿ.

ಅರಮನೆಯಿಂದ ಮೇಲಕ್ಕೆ ತೋಟದ ನಡುವೆ ಕಡಿದಾದ ರಸ್ತೆ. ಬೆಟ್ಟ ಇನ್ನೂ ಶುರುವೇ ಆಗದ ಈ ರಸ್ತೆಯಲ್ಲೇ ನನಗೆ ಏದುಸಿರು ಬಂತು. ಗೇಟಿನಲ್ಲಿ ಗುರುತಿನ ಚೀಟಿ ನೋಡಿ, ಬ್ಯಾಗಿನ ಪ್ಲಾಸ್ಟಿಕ್ ಎಣಿಸಿ ಬರೆದುಕೊಂಡರು. ನಮ್ಮ ಊಟ ಬಾಳೆ ಎಲೆಯಲ್ಲಿದ್ದದ್ದು ಆಗ ದೊಡ್ಡಸ್ತಿಕೆ ಅನಿಸಿತು. ಅಲ್ಲಿಂದ ಮೇಲೆ ಅಂಗಡಿ ಇಲ್ಲ. ಜುಳುಜುಳು ತೊರೆ ಅಂತ ಓದಿದ್ದೆ, ಮೇ ತಿಂಗಳಲ್ಲಿ ಅದು ಕಲ್ಲಿನ ಮೇಲೆ ಎಳೆದ ಒದ್ದೆ ಗೆರೆ. ತಲೆಗೆ ಒಂದೂವರೆ ಲೀಟರ್ ನೀರು ಹೊತ್ತಿದ್ದೆವು, ಅರ್ಧ ದಾರಿಯ ದೊಡ್ಡ ಬಂಡೆ ಹತ್ತಿರವೇ ಕಾಲು ಭಾಗ ಉಳಿದಿತ್ತು. ತಲೆಗೆ ಮೂರು ಲೀಟರ್ ಬೇಕೇ ಬೇಕು, ಜೊತೆಗೆ ಎರಡು ಓಆರ್‌ಎಸ್ ಪೊಟ್ಟಣ. ಚಾಕೊಲೇಟು ತರಬೇಡಿ, ಬಿಸಿಲಿಗೆ ಕರಗಿ ಬ್ಯಾಗೆಲ್ಲ ರಾಡಿ. ನಾಲ್ಕು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ, ಬೆಲ್ಲ ಸಾಕು.

ಆಮೇಲೆ ಶೋಲೆ ಕಾಡು, ಅಂದರೆ ಬೆಟ್ಟದ ಹುಲ್ಲುಗಾವಲಿನ ನಡುವಿನ ದಟ್ಟ ಕಾಡು. ಒಳಗೆ ತಂಪು, ಆದರೆ ಎರಡು ಮಳೆ ಬಿದ್ದಿದ್ದರಿಂದ ಜಿಗಣೆ ಎದ್ದಿದ್ದವು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಸವರಿದ್ದೆ, ನನಗೆ ಒಂದೂ ಹತ್ತಲಿಲ್ಲ. ಚಡ್ಡಿ ಹಾಕಿಕೊಂಡು ಬಂದ ಭಾವಮೈದ ಏಳು ಎಣಿಸಿದ. ಕಿತ್ತು ಎಳೆಯಬೇಡಿ, ಸ್ವಲ್ಪ ಉಪ್ಪು ಮುಟ್ಟಿಸಿದರೆ ತಾನೇ ಬೀಳುತ್ತದೆ.

ಕಾಡು ಮುಗಿದ ಮೇಲಿನ ಕೊನೆಯ ಏರು ಬೋಳು ಹುಲ್ಲು ಮತ್ತು ಕಲ್ಲು. ನೆರಳು ಅನ್ನುವುದೇ ಇಲ್ಲ. ಹತ್ತು ಹೆಜ್ಜೆ, ನಿಲ್ಲು, ಹತ್ತು ಹೆಜ್ಜೆ, ನಿಲ್ಲು, ಹಾಗೆ ಹತ್ತಿದೆ. ಅಂಗಿ ತೋಳು ಉದ್ದ ಇರಲಿ, ಟೋಪಿ ಇರಲಿ. ತುದಿ ಮುಟ್ಟಿದಾಗ ಹತ್ತೂ ಮುಕ್ಕಾಲು. ಕೇರಳದ ಕಡೆ ಮಬ್ಬು, ನಮ್ಮ ಕಡೆ ಬೆಟ್ಟದ ಹಿಂದೆ ಬೆಟ್ಟ. ಇಪ್ಪತ್ತು ನಿಮಿಷ ಸುಖವಾಗಿ ಕೂತೆವು. ಅಷ್ಟರಲ್ಲಿ ಹನ್ನೆರಡು ಹುಡುಗರ ಗುಂಪು ಬಂದು ಸ್ಪೀಕರು ಹಚ್ಚಿತು. ನನಗೆ ಸಂತೆ ಆಗದು, ಅದಕ್ಕೆ ನಾನು ಹೇಳುವುದು ಮಂಗಳವಾರ ಬುಧವಾರ ನೋಡಿಕೊಳ್ಳಿ. ಗದ್ದಲ ಇಷ್ಟಪಡುವವರಿಗೆ ಶನಿವಾರ ಇದ್ದೇ ಇದೆ.

ಹನ್ನೊಂದೂಕಾಲಿಗೆ ಇಳಿಯತೊಡಗಿದೆವು. ಕಾಡಿನೊಳಗೆ ಬಂದು ಅರ್ಧ ಗಂಟೆಗೆ ಪಶ್ಚಿಮದಲ್ಲಿ ಗುಡುಗಿತು. ಆ ಬೋಳು ತುದಿಯಲ್ಲಿ ಸಿಡಿಲಿಗೆ ಸಿಗುವ ಅತಿ ಎತ್ತರದ ವಸ್ತು ಅಲ್ಲಿ ನಿಂತ ಮನುಷ್ಯನೇ. ಬೇಸಿಗೆ ಕೊನೆಯ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಅಕ್ಕ ಹೇಳಿದ ಹನ್ನೊಂದೂವರೆಯನ್ನು ನೀವೂ ಇಟ್ಟುಕೊಳ್ಳಿ. ತುದಿ ಕಣ್ಣೆದುರೇ ಇದ್ದರೂ ತಿರುಗಿ.

ಇನ್ನು ಉಗುರು. ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳು ಬೂಟಿನ ಮೂತಿಗೆ ಬಡಿಯುತ್ತದೆ. ಬೂಟು ಹೊಸದು, ಕಾಲಿಗೆ ಅಂಟಿದಂತೆ ಸರಿಯಾಗಿದೆ ಅಂತ ಕೊಂಡಿದ್ದೆ, ಅದೇ ತಪ್ಪು. ಅರ್ಧ ಇಂಚು ಜಾಗ ಬಿಟ್ಟು ಕೊಳ್ಳಿ, ಒಂದು ತಿಂಗಳು ಮೊದಲೇ ಹಾಕಿ ಪಳಗಿಸಿ, ಹೊರಡುವ ಹಿಂದಿನ ದಿನ ಉಗುರು ಮೋಟಾಗಿ ಕತ್ತರಿಸಿ, ಇಳಿಯುವ ಮುಂಚೆ ಲೇಸು ಬಿಗಿ ಮಾಡಿ. ನನ್ನ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ಒಂದು ಆಗಲೇ ಬಿದ್ದಿದೆ. ಭಾವಮೈದನ ಮಡಚುವ ಕೋಲು ದೊಡ್ಡ ಬಂಡೆಯ ಹತ್ತಿರ ಮಡಚಿಕೊಂಡದ್ದು ಮತ್ತೆ ಬಿಚ್ಚಿಕೊಳ್ಳಲಿಲ್ಲ. ಅಲ್ಲಿಂದ ಕೆಳಗೆ ನನ್ನ ಕಾಫಿ ಕೋಲನ್ನೇ ಇಬ್ಬರೂ ಸರದಿಯಲ್ಲಿ ಊರಿದೆವು.

ಬಸ್ಸಿನಲ್ಲಿ ಹೋಗುವವರು ಮಡಿಕೇರಿಯಿಂದ ನಾಪೋಕ್ಲು ಮೇಲೆ, ಇಲ್ಲವೇ ವಿರಾಜಪೇಟೆ ಕಡೆಯಿಂದ ಬನ್ನಿ, ಕಂಡಕ್ಟರಿಗೆ ಕೈಕಂಬದಲ್ಲಿ ಇಳಿಸಿ ಅನ್ನಿ. ಖಾಸಗಿ ಬಸ್ಸಿನ ಹೊತ್ತು ಹೊರಡುವ ಜಾಗದಲ್ಲೇ ಕೇಳಿಕೊಳ್ಳಿ. ನಾವು ನಾಪೋಕ್ಲುವಿನಲ್ಲಿ ಐವತ್ತು ನಿಮಿಷ ಕಾದೆವು. ಚಿಲ್ಲರೆ ನೋಟು ಇರಲಿ, ಅಕ್ಕನ ಹೋಟೆಲಿನಲ್ಲಿ ಮೊಬೈಲ್ ಪಾವತಿ ನಡೆಯುವುದಿಲ್ಲ. ಕೋಲು ವಾಪಸ್ ಇಡಲು ಹೋದಾಗ ಮೂರು ಗಂಟೆ, ಒಲೆ ಆರಿತ್ತು, ಬಾಗಿಲು ಹಾಕಿತ್ತು. ಕಂತೆಯಲ್ಲಿ ಸೇರಿಸಿ ಬಂದೆವು.