ಕ್ಲೌಡ್‌ನಿಂದ ಕೋಲಾರಕ್ಕೆ: ಯಾವ ಕೆಲಸ ಬಲ್ಲವರು ಬೇಕು?

ಕೋಲಾರ, 14 ನವೆಂಬರ್ 2025, ಶುಕ್ರವಾರ

ರೈತರಿಂದ ತರಕಾರಿ ಕೊಂಡು ಹೊರ ಊರುಗಳಿಗೆ ಕಳುಹಿಸುವ ನಮ್ಮ ಸಂಸ್ಥೆಯ ಲೆಕ್ಕಪತ್ರ, ತೂಕದ ಚೀಟಿ, ಬಟವಾಡೆಯ ದಾಖಲೆಗಳೆಲ್ಲ ಈವರೆಗೆ ಅಮೆಜಾನ್ ಕ್ಲೌಡ್‌ನ, ಅಂದರೆ ಆ ಕಂಪನಿ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳ, ಮುಂಬೈ ವಲಯದಲ್ಲಿದ್ದವು. ಅವನ್ನು ಕೋಲಾರದ ನಮ್ಮದೇ ಕಟ್ಟಡದ ಸರ್ವರ್‌ಗಳಿಗೆ ತರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಟೊಮೆಟೊ ಸುಗ್ಗಿಯಲ್ಲೂ ನಮ್ಮ ಕಂಪ್ಯೂಟರ್‌ಗಳ ಹೊರೆ ಅಷ್ಟೇನೂ ಏರುವುದಿಲ್ಲವಾದ್ದರಿಂದ, ಏರಿಳಿತವಿಲ್ಲದ ಕೆಲಸಕ್ಕೆ ವರ್ಷವಿಡೀ ಬಾಡಿಗೆ ತೆರುವುದು ದುಬಾರಿ ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಇಂದಿನ ಸಭೆಯಲ್ಲಿ ಯಂತ್ರಗಳ ಬೆಲೆಯ ಮಾತು ಬೇಗ ಮುಗಿಯಿತು. ಅವನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಸಂಜೆಯವರೆಗೂ ಉಳಿಯಿತು.

2022ರಲ್ಲಿ ಕ್ಲೌಡ್ ಬಿಡುವುದಾಗಿ ಘೋಷಿಸಿ ಮರುವರ್ಷವೇ ತನ್ನ ತಂತ್ರಾಂಶಗಳನ್ನು ಅಲ್ಲಿಂದ ಸ್ವಂತ ಸರ್ವರ್‌ಗಳಿಗೆ ಸಾಗಿಸಿಕೊಂಡ ಅಮೆರಿಕದ 37ಸಿಗ್ನಲ್ಸ್ ಕಂಪನಿಯ ಉದಾಹರಣೆಯನ್ನು ಸಹೋದ್ಯೋಗಿಯೊಬ್ಬರು ಕೊಟ್ಟರು. ಅದಕ್ಕಾಗಿ ಆ ಕಂಪನಿ ಸಿಬ್ಬಂದಿಯನ್ನು ಹೆಚ್ಚಿಸಿಕೊಳ್ಳಲಿಲ್ಲ ಎಂಬುದು ನಿಜವೇ. ಆದರೆ ಅವರ ಸರ್ವರ್‌ಗಳು ಕುಳಿತದ್ದು ವೃತ್ತಿಪರ ಡೇಟಾ ಸೆಂಟರ್‌ನ ಬಾಡಿಗೆ ಜಾಗದಲ್ಲಿ. ಕ್ಲೌಡ್ ಬರುವ ಮೊದಲೇ ಸ್ವಂತ ಸರ್ವರ್ ನಡೆಸಿದ ಅನುಭವವೂ ಅವರಿಗಿತ್ತು. ನಮ್ಮ ತಂಡದ ಕಿರಿಯರು ಕಲಿತದ್ದೇ ಕ್ಲೌಡ್‌ನಲ್ಲಿ. ಅವರು ಚುರುಕಾದವರು, ಆದರೆ ಅವರಿಗಾಗಿ ಬೇರೆ ಯಾರೋ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳನ್ನು ಅವರು ಕಣ್ಣಾರೆ ಕಂಡಿಲ್ಲ.

ಡೇಟಾಬೇಸ್ ಸಾಗಿಸುವುದನ್ನೇ ನೋಡೋಣ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ್ದು. ಅದು ಆರ್‌ಡಿಎಸ್ ಎಂಬ ಅಮೆಜಾನ್‌ನ ಡೇಟಾಬೇಸ್ ಸೇವೆಯಲ್ಲಿದೆ, ಮತ್ತು ಅದನ್ನು ಕಡತಗಳ ಮಟ್ಟದಲ್ಲಿ ಹಾಗೆಯೇ ನಕಲು ಮಾಡಿಕೊಳ್ಳಲು ಆ ಸೇವೆ ಬಿಡುವುದಿಲ್ಲ. ಕೆಲಸ ನಿಲ್ಲಿಸದೆ ಹೊರತರಬೇಕಾದರೆ ದತ್ತಾಂಶವನ್ನು ಸಾಲು ಸಾಲಾಗಿ ಇನ್ನೊಂದು ಸರ್ವರ್‌ಗೆ ಕಳುಹಿಸುತ್ತಿರುವ ಲಾಜಿಕಲ್ ರೆಪ್ಲಿಕೇಶನ್ ಎಂಬ ದಾರಿಯನ್ನು ಹಿಡಿಯಬೇಕು. ಆ ದಾರಿಯಲ್ಲಿ ಸಾಲುಗಳು ಬರುತ್ತವೆ, ಟೇಬಲ್‌ಗಳ ರಚನೆಯಲ್ಲಿ ಆಗುವ ಬದಲಾವಣೆಗಳು ಬರುವುದಿಲ್ಲ. ನಾವು ಬಳಸುವ ಆವೃತ್ತಿಯಲ್ಲಿ ಕ್ರಮಸಂಖ್ಯೆ ಹುಟ್ಟಿಸುವ ಸೀಕ್ವೆನ್ಸ್‌ಗಳ ಮೌಲ್ಯವೂ ಬರುವುದಿಲ್ಲವಾದ್ದರಿಂದ, ಅದನ್ನು ಕೈಯಾರೆ ಮುಂದಿನ ಸಂಖ್ಯೆಗೆ ಏರಿಸದಿದ್ದರೆ ಹೊಸ ಸರ್ವರ್‌ನ ಮೊದಲ ತೂಕದ ಚೀಟಿಯೇ ಹಳೆಯ ಚೀಟಿಯ ಸಂಖ್ಯೆಗೆ ಡಿಕ್ಕಿ ಹೊಡೆಯುತ್ತದೆ. ಮೊದಲ ನಕಲಿಗೆ ಹಿಡಿಯುವ ಕಾಲವೂ ಸಣ್ಣದಲ್ಲ: 10 ಟೆರಾಬೈಟ್ ದತ್ತಾಂಶವು ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕದಲ್ಲಿ, ಒಂದು ಕ್ಷಣವೂ ಬಿಡುವಿಲ್ಲದೆ ಹರಿದರೂ 9 ದಿನ ದಾಟುತ್ತದೆ. ಅಷ್ಟು ದಿನವೂ ಮೂಲ ಸರ್ವರ್ ಬದಲಾವಣೆಗಳ ಲಾಗ್ ಕಡತಗಳನ್ನು ಅಳಿಸದೆ ಕಾಯುತ್ತಿರುತ್ತದೆ. ಅದರ ಡಿಸ್ಕ್ ತುಂಬಿದರೆ ನಡೆಯುತ್ತಿರುವ ವ್ಯವಹಾರವೇ ನಿಲ್ಲುತ್ತದೆ. ಇದನ್ನು ದಿನವೂ ಗಮನಿಸಿ, ತುಂಬುವ ಮೊದಲೇ ನಿರ್ಧಾರ ಕೈಗೊಳ್ಳಬಲ್ಲವರು ನಮಗೆ ಬೇಕು.

ಕನ್ನಡದ ದಾಖಲೆಗಳಿರುವವರು ಇನ್ನೊಂದನ್ನು ತಿಳಿದಿರಲೇಬೇಕು. ಪೋಸ್ಟ್‌ಗ್ರೆಸ್ ಅಕ್ಷರಗಳ ಅನುಕ್ರಮವನ್ನು ಸಾಮಾನ್ಯವಾಗಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಜಿಲಿಬ್‌ಸಿ ಎಂಬ ತಂತ್ರಾಂಶ ಗ್ರಂಥಾಲಯದಿಂದ ಪಡೆಯುತ್ತದೆ, ಮತ್ತು 2018ರಲ್ಲಿ ಬಂದ ಅದರ 2.28ನೇ ಆವೃತ್ತಿಯಲ್ಲಿ ಈ ಅನುಕ್ರಮವು ವ್ಯಾಪಕವಾಗಿ ಬದಲಾಯಿತು. ಹಳೆಯ ಅನುಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು, ಅಂದರೆ ಬೇಗ ಹುಡುಕಲು ನೆರವಾಗುವ ಸೂಚಿಯನ್ನು, ಹೊಸ ಅನುಕ್ರಮದ ಯಂತ್ರ ಓದಿದರೆ, ಟೇಬಲ್‌ನಲ್ಲಿ ಇರುವ ರೈತರ ಹೆಸರೇ ಹುಡುಕಿದಾಗ ಸಿಗದೆ ಹೋಗಬಹುದು, ಒಂದೇ ಖಾತೆ ಎರಡು ಬಾರಿ ದಾಖಲಾಗಬಹುದು. ಹುಡುಕುವವರ ಪರದೆಯ ಮೇಲೆ ದೋಷದ ಸೂಚನೆ ಕಾಣದೆಯೂ ಇರಬಹುದು. ಲಾಜಿಕಲ್ ವಿಧಾನದಲ್ಲಿ ಇಂಡೆಕ್ಸ್‌ಗಳು ಇಲ್ಲಿಯೇ ಹೊಸದಾಗಿ ಕಟ್ಟಲ್ಪಡುವುದರಿಂದ ಈಗ ಅಪಾಯವಿಲ್ಲ. ಮುಂದೆ ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಿಸುವಾಗ ಇಂಡೆಕ್ಸ್‌ಗಳನ್ನು ಮರಳಿ ಕಟ್ಟಬೇಕೆಂಬ ಎಚ್ಚರ ಮಾತ್ರ ನಮ್ಮ ಹೊಣೆ. ರೈತರ ಹಣದ ಲೆಕ್ಕವಿದು. ಆ ಎಚ್ಚರವಿಲ್ಲದವರ ಕೈಗೆ ಇದನ್ನು ಒಪ್ಪಿಸಲಾರೆ.

ವಿದ್ಯುತ್ತು ಮತ್ತು ತಂಪಿನ ವಿಷಯದಲ್ಲಿ ನನಗೆ ಚಿಂತೆ ಕಡಿಮೆ. ಸರ್ವರ್ ಬಳಸುವ ಪ್ರತಿ ಕಿಲೋವ್ಯಾಟ್ ಗಂಟೆಗೆ ಸುಮಾರು 3,412 ಬಿಟಿಯು (ಶಾಖದ ಅಳತೆಯ ಏಕಮಾನ) ಶಾಖವಾಗುತ್ತದೆ ಎಂದಾಗ, ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ ತಕ್ಷಣವೇ, “ಹಾಗಾದರೆ 4 ಕಿಲೋವ್ಯಾಟಿಗೆ ಒಂದು ಟನ್ ಎ.ಸಿ. ಸಾಲದು ಮೇಡಂ, ಜೊತೆಗೆ ಇನ್ನೊಂದು ಬದಲಿಗೂ ಇರಲಿ” ಎಂದರು. ಯುಪಿಎಸ್ ಬ್ಯಾಟರಿಗಳನ್ನು ಬಿಸಿ ಕೋಣೆಯಲ್ಲಿಟ್ಟರೆ ಆಯಸ್ಸು ಕುಗ್ಗುವುದೂ ಅವರಿಗೆ ಗೊತ್ತಿತ್ತು. ಅವರನ್ನು ತಂಡದ ಸಭೆಗಳಿಗೆ ಕಾಯಂ ಆಗಿ ಕರೆಯಬೇಕೆಂದು ಬರೆದುಕೊಂಡಿದ್ದೇನೆ.

ನನ್ನನ್ನು ಹೆಚ್ಚು ಕಾಡುವುದು ಮರುಸ್ಥಾಪನೆ, ಅಂದರೆ ಕೆಟ್ಟುಹೋದ ಡೇಟಾಬೇಸನ್ನು ಬ್ಯಾಕಪ್‌ನಿಂದ ಮರಳಿ ನಿಲ್ಲಿಸುವ ಕೆಲಸ. ಆರ್‌ಡಿಎಸ್‌ನಲ್ಲಿ ಒಂದು ಆಯ್ಕೆಯನ್ನು ಗುರುತಿಸಿದರೆ ಸಾಕು, ಗರಿಷ್ಠ 35 ದಿನಗಳೊಳಗಿನ ಬೇಕಾದ ಹೊತ್ತಿನಲ್ಲಿ ಡೇಟಾಬೇಸ್ ಇದ್ದ ಸ್ಥಿತಿಯನ್ನು ಹೊಸ ಡೇಟಾಬೇಸ್ ಆಗಿ ಮರಳಿ ಪಡೆಯಬಹುದು. ಇಲ್ಲಿ ಪೂರ್ಣ ಬ್ಯಾಕಪ್ ತೆಗೆಯುವುದು, ಲಾಗ್ ಕಡತಗಳನ್ನು ಬಿಡದೆ ಕೂಡಿಡುವುದು, ಎರಡರ ಪ್ರತಿಯನ್ನೂ ಬೇರೆ ಊರಿನಲ್ಲಿ ಇಡುವುದು, ಗೂಢಲಿಪಿಯ ಕೀಲಿಯನ್ನು ಜೋಪಾನ ಮಾಡುವುದು, ಎಲ್ಲವೂ ನಮ್ಮ ಕೈಯಲ್ಲೇ ಆಗಬೇಕು. ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಕೂಡಿಸುವ ರೈಡ್ ಜೋಡಣೆ ಇದ್ದರೆ ಸಾಲದೇ ಎಂದು ಕೇಳಿದವರಿಗೆ, ಒಂದು ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ, ತಪ್ಪಾಗಿ ಅಳಿಸಿದ ಟೇಬಲನ್ನು ಅದೂ ಅಳಿಸಿಯೇ ಇಟ್ಟಿರುತ್ತದೆ ಎಂದು ವಿವರಿಸಿದೆ.

ಆದ್ದರಿಂದ ಸಭೆಯ ನಡಾವಳಿಯಲ್ಲಿ ಒಂದು ಷರತ್ತನ್ನು ಸೇರಿಸಿದ್ದೇನೆ: ಹೊರಗಿನ ಊರಿನ ಪ್ರತಿಯನ್ನಷ್ಟೇ ಬಳಸಿ, ಹಿರಿಯರ ನೆರವಿಲ್ಲದೆ, ನಾವು ಹೇಳಿದ ಹೊತ್ತಿಗೆ ಡೇಟಾಬೇಸನ್ನು ಕಿರಿಯರು ಮರಳಿ ನಿಲ್ಲಿಸಿ ತೋರಿಸುವವರೆಗೆ ಕ್ಲೌಡ್‌ನ ಡೇಟಾಬೇಸನ್ನು ಮುಚ್ಚಬಾರದು. ಅಲ್ಲಿಯವರೆಗೆ ಎರಡೂ ಕಡೆ ಖರ್ಚಾಗುತ್ತದೆಂದು ಲೆಕ್ಕಪತ್ರ ವಿಭಾಗದವರು ಆಕ್ಷೇಪಿಸಿದರು. ಆ ಹಣವನ್ನು ತರಬೇತಿಯ ಬಾಬ್ತಿನಲ್ಲಿ ತೋರಿಸಿ ಎಂದು ಕೇಳಿಕೊಂಡಿದ್ದೇನೆ. ಸೋಮವಾರ ಉತ್ತರ ಕೊಡುವುದಾಗಿ ಹೇಳಿದ್ದಾರೆ.