ಅಳಿಸಿದರೂ ಉಳಿದ ಗೇಟಾ

ಯಾರ್ಕ್‌ನ ನಾಣ್ಯ ಮೇಳಕ್ಕೆ ನಾನು ಹೋದದ್ದೇ ಗೇಟಾನನ್ನು ಹುಡುಕಿಕೊಂಡು. ಅವನ ಅಪ್ಪ ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್, ಅಮ್ಮ ಜೂಲಿಯಾ ಡೋಮ್ನಾ, ಅಣ್ಣ ಕ್ಯಾರಕಲ್ಲಾ, ಮೂವರ ದಿನಾರಿಯಸ್‌ಗಳೂ, ಅಂದರೆ ರೋಮನ್ ಬೆಳ್ಳಿ ನಾಣ್ಯಗಳೂ, ನನ್ನ ಪೆಟ್ಟಿಗೆ ಸೇರಿದ್ದವು. ಕಿರಿಮಗನೊಬ್ಬ ಬಾಕಿ.

ಸೆವೆರಸ್ ಸತ್ತದ್ದೂ ಇಂಗ್ಲೆಂಡಿನ ಇದೇ ಯಾರ್ಕ್‌ನಲ್ಲಿ, ಕ್ರಿ.ಶ. 211ರ ಫೆಬ್ರುವರಿಯಲ್ಲಿ. ಸಾಯುವಾಗ ಮಕ್ಕಳಿಬ್ಬರಿಗೂ ‘ಹೊಂದಿಕೊಂಡಿರಿ, ಸೈನಿಕರ ಜೇಬು ತುಂಬಿಸಿ, ಉಳಿದವರನ್ನು ಲೆಕ್ಕಕ್ಕಿಡಬೇಡಿ’ ಅಂದನಂತೆ. ಆ ಕಾಲದ ಇತಿಹಾಸಕಾರ ಡಿಯೋ ಬರೆದಿಟ್ಟ ಮಾತು. ಹೊಂದಿಕೊಳ್ಳುವ ಮಾತು ವರ್ಷ ತುಂಬುವುದರೊಳಗೇ ಮುರಿದುಬಿತ್ತು. ರಾಜಿಯ ನೆಪದಲ್ಲಿ ತಾಯಿಯಿಂದಲೇ ಕರೆಸಿ, ಆಕೆಯ ತೋಳಿನಲ್ಲೇ ತಮ್ಮನನ್ನು ಕೊಲ್ಲಿಸಿದ ಕ್ಯಾರಕಲ್ಲಾ. ಅಷ್ಟಕ್ಕೇ ಬಿಡಲಿಲ್ಲ. ರೋಮ್‌ನಲ್ಲಿ ಅಪ್ಪನ ಕಮಾನಿನ ಮೇಲಿದ್ದ ಗೇಟಾನ ಹೆಸರನ್ನು ಕೆತ್ತಿ ತೆಗೆದರು. ಈಗ ಬರ್ಲಿನ್‌ನಲ್ಲಿರುವ ಮನೆಮಂದಿಯ ಚಿತ್ರದಲ್ಲಿ ಅವನ ಮುಖವನ್ನೇ ಉಜ್ಜಿಹಾಕಿದ್ದಾರೆ. ಆದರೆ ಜನರ ಗಂಟಿನಲ್ಲಿ, ಮಣ್ಣಿನಡಿ ಹೂತಿಟ್ಟ ಮಡಕೆಗಳಲ್ಲಿ ಇದ್ದ ಬೆಳ್ಳಿಯನ್ನು ಯಾವ ಉಳಿ ಮುಟ್ಟೀತು?

ವ್ಯಾಪಾರಿ ತಟ್ಟೆ ಮುಂದಿಟ್ಟ. ಅಂಚು ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ: ಗಡ್ಡ ಮೂಡದ ಹುಡುಗ, ತಲೆಯ ಮೇಲೆ ಎಲೆಯ ಕಿರೀಟವೂ ಇಲ್ಲ, ತುಸು ಉಬ್ಬಿದ ಕೆನ್ನೆ. ಸುತ್ತಲೂ ‘ಗೇಟಾ ಸೀಸರ್’ ಎಂಬ ಅಕ್ಷರಗಳು (ಸೀಸರ್ ಅಂದರೆ ಪಟ್ಟದ ಉತ್ತರಾಧಿಕಾರಿ), ಟಂಕಿಸುವಾಗ ಬಿದ್ದ ಸಮ್ಮಟಿಯ ಏಟಿನಿಂದ ಅಂಚಿನಲ್ಲೊಂದು ಸೀಳು. ಹಿಂಬದಿಯಲ್ಲಿ ಯುದ್ಧದ ವಿಜಯಚಿಹ್ನೆಯ ಪಕ್ಕ ಅವನೇ ನಿಂತಿದ್ದಾನೆ. ಯಾವ ಯುದ್ಧ ಗೆದ್ದಿದ್ದನೋ ಪಾಪ, ಆಗಿನ್ನೂ ಹುಡುಗ.

ಬೆಳ್ಳಿ ಅಂದರೂ ಅದು ಅರೆಬೆಳ್ಳಿ. ಸೈನಿಕರ ಸಂಬಳ ಏರಿಸಿದ ಸೆವೆರಸ್, ದಿನಾರಿಯಸ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಾಮ್ರ ಬೆರೆಸಿದ್ದ. ನಮ್ಮ ಬೆಂಗಳೂರಿನ ಯಶವಂತಪುರದಲ್ಲಿ ನೆಲ ಅಗೆದಾಗ ಸಿಕ್ಕ ರೋಮನ್ ನಿಧಿಯಲ್ಲಿ ಮೊದಲ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸರ ಕಾಲದ ಅಪ್ಪಟ ಬೆಳ್ಳಿ ಇತ್ತು. ಈ ಗೇಟಾನನ್ನು ಕಂಡಿದ್ದರೆ ಅಂದಿನ ವರ್ತಕರು ಉಗುರಿನಿಂದ ಗೀರಿ ನೋಡಿ ವಾಪಸು ಕೊಡುತ್ತಿದ್ದರೇನೋ.

ಬೆಲೆ ಕೇಳಿದಾಗ ನಗು ಬಂತು. ಇಬ್ಬರು ಹೋಟೆಲಿನಲ್ಲಿ ಊಟ ಮಾಡಿದಷ್ಟು. ಹೆಸರು ಅಳಿಸಿದ ಮಾತ್ರಕ್ಕೆ ನಾಣ್ಯ ಅಪರೂಪವಾಗುವುದಿಲ್ಲ, ಟಂಕಿಸಿದ್ದು ಎಷ್ಟು ಎಂಬುದೇ ಮುಖ್ಯ. ಚೌಕಾಸಿ ಮಾಡದೆ ಕೊಂಡೆ. ಪಕ್ಕದ ಮೇಜಿನಲ್ಲಿ ಓಥೋ ಕಂಡ. ಕ್ರಿ.ಶ. 69ರಲ್ಲಿ ಮೂರೇ ತಿಂಗಳು ರೋಮ್ ಆಳಿದವನು. ಅವನ ಬೆಲೆಗೆ ನನ್ನ ತಿಂಗಳ ಬಾಡಿಗೆಯೂ ಸಾಲದು.