ರೋಹಿಣಿ ಮಳೆಗೆ ಮೊದಲು ಮೂರು ದಿನ

2023ರ ಮೇ ತಿಂಗಳ ಮೂರನೆಯ ವಾರದಲ್ಲಿ, ಕಾಲೇಜಿನ ಪರೀಕ್ಷಾ ಕೆಲಸ ಮುಗಿದ ಮರುದಿನವೇ, ದಾವಣಗೆರೆಯಿಂದ ಬೆಳಗಿನ ಐದು ಗಂಟೆಯ ಬಸ್ಸು ಹಿಡಿದು ಹಿರಿಯೂರಿಗೆ ಹೊರಟೆ. ಅಲ್ಲಿ ವೇದಾವತಿಗೆ ಸಮೀಪದಲ್ಲಿ ನಮ್ಮ ಮಾವನವರು ಬಿಟ್ಟುಹೋದ ಎರಡು ಎಕರೆ ಜಮೀನಿದೆ. ಅದರಲ್ಲಿ ಹನ್ನೆರಡು ಅಡಿಗೆ ಹತ್ತು ಅಡಿಯ ಅಂತರದಲ್ಲಿ 2018ರಲ್ಲಿ ನೆಟ್ಟ ಸುಮಾರು 700 ದಾಳಿಂಬೆ ಗಿಡಗಳಿವೆ, ಎಲ್ಲವೂ ಭಗವಾ ತಳಿಯವು. ಗಿಡ ನೋಡಿಕೊಳ್ಳುವವನು ನನ್ನ ಮೈದುನ, ಲೆಕ್ಕ ಬರೆಯುವವಳು ನಾನು. ಏಪ್ರಿಲ್‌ನಲ್ಲಿ ಕೊಯ್ಲು ಮುಗಿದಿತ್ತು. ಕೃತ್ತಿಕೆ ಮಳೆ ಅಲ್ಲಲ್ಲಿ ನಾಲ್ಕು ಹನಿ ಉದುರಿಸಿ ಸುಮ್ಮನಾಗಿತ್ತು. ರೋಹಿಣಿ ಹುಟ್ಟುವುದರೊಳಗೆ ಗಿಡ ಸವರಿ ಮುಗಿಸಬೇಕೆಂದು ಮೈದುನ ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿದ್ದ.

"ಅತ್ತಿಗೆ, ಈ ಸಲ ನೀವೇ ಬಂದು ನಿಂತ್ಕೊಳ್ಳಿ. ಹೋದ ವರ್ಷದಂಗೆ ಕೊಂಬೆ ಉಳ್ಸಿ, ಕೊಂಬೆ ಉಳ್ಸಿ ಅಂತ ಫೋನಲ್ಲೇ ಹೇಳಿದ್ರೆ ಈ ಮೇಸ್ತ್ರಿ ಕೇಳೋನಲ್ಲ" ಎಂದಿದ್ದ. ಮಾತು ಚುಚ್ಚಿತು, ಆದರೆ ಅದರಲ್ಲಿ ಸುಳ್ಳಿರಲಿಲ್ಲ. ಹಿಂದಿನ ವರ್ಷ ಸವರುವ ಆಳುಗಳು ಬಂದಾಗ, ಹೂ ಬಿಡುವ ಕೊಂಬೆಯನ್ನು ಕಡಿದು ಒಲೆಗೆ ಹಾಕುವುದೆಂದರೆ ಹಣ್ಣನ್ನೇ ಒಲೆಗೆ ಹಾಕಿದಂತೆ ಎಂದು ವಾದಿಸಿ, ಒಣಗಿದ್ದನ್ನು ಮಾತ್ರ ತೆಗೆಸಿದವಳು ನಾನೇ.

ಆ 2022 ನಮ್ಮ ಕಡೆಯವರು ಮರೆಯುವ ವರ್ಷವಲ್ಲ. 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ ಅದು. ಜನ ಜಾತ್ರೆಗೆ ಹೋದಂತೆ ಆ ಅಣೆಕಟ್ಟಿರುವ ಮಾರಿಕಣಿವೆಗೆ ಹೋಗಿ ನೀರು ನೋಡಿ ಬಂದರು. ನಮ್ಮ ಕೊಳವೆಬಾವಿಯೂ ತುಂಬಿ ಬಂದಿತ್ತು. ಬರದ ನಾಡಿನ ಗಿಡಕ್ಕೆ ಅಷ್ಟು ನೀರು ಸಿಕ್ಕರೆ ಅದು ಹಣ್ಣಿನ ಚಿಂತೆ ಬಿಟ್ಟು ಸೊಪ್ಪಿನ ಚಿಂತೆಗೆ ಬೀಳುತ್ತದೆ. ಬುಡದಿಂದ, ಕೊಂಬೆಗಳ ನಡುವಿನಿಂದ ನೀರುಚಿಗುರುಗಳು ಕೋಲಿನಂತೆ ನೆಟ್ಟಗೆ ಎದ್ದವು. ಅಕ್ಟೋಬರ್‌ನಲ್ಲಿ ಹೂ ಬಿಟ್ಟಾಗ ಗಿಡದ ಕೆಳಗೆ ಕೆಂಪು ಹಾಸಿದಂತಾಯಿತು, ನಾನು ಅದರ ಫೋಟೊ ತೆಗೆದು ತವರಿಗೆ ಕಳುಹಿಸಿ ಬೀಗಿದೆ. ದಾಳಿಂಬೆಯಲ್ಲಿ ಗಂಟೆಯಾಕಾರದ ಹೂಗಳು ಗಂಡು ಹೂಗಳೆಂದೂ, ಅವು ಎಷ್ಟು ಬಿಟ್ಟರೂ ಉದುರಿಯೇ ಹೋಗುತ್ತವೆಂದೂ, ತಳಭಾಗ ಗಡಿಗೆಯಂತೆ ಉಬ್ಬಿದ ಹೂ ಮಾತ್ರ ಕಾಯಿ ಕಚ್ಚುತ್ತದೆಂದೂ ನನಗೆ ತಿಳಿದದ್ದು ಆಮೇಲೆ. ನೆಲದ ಮೇಲೆ ಹಾಸಿದ್ದು ಅಷ್ಟೂ ಗಂಟೆಗಳೇ.

ಕಚ್ಚಿದ ಕಾಯಿಯೂ ಕಡಿಮೆಯೇನಿರಲಿಲ್ಲ. ಕೆಲವು ಗಿಡಗಳಲ್ಲಿ 120ರವರೆಗೆ ಎಣಿಸಿದ್ದೆ, ಒಂದನ್ನೂ ಕೀಳಲು ಬಿಟ್ಟಿರಲಿಲ್ಲ. ಐದು ವರ್ಷದ ಗಿಡಕ್ಕೆ ಅರವತ್ತರಿಂದ ಎಂಬತ್ತು ಹಣ್ಣು ಸಾಕೆಂದು ಬಲ್ಲವರು ಹೇಳಿದ್ದನ್ನು ಅವರ ಅಂಜುಬುರುಕುತನ ಎಂದುಕೊಂಡಿದ್ದೆ. ಕೊಯ್ಲಿನಲ್ಲಿ ತಕ್ಕಡಿ ಬೇರೆಯೇ ಮಾತು ಹೇಳಿತು. ಹೆಚ್ಚಿನವು 200 ಗ್ರಾಂ ದಾಟಲಿಲ್ಲ, 300 ಗ್ರಾಂ ಮೇಲಿನ ಹಣ್ಣಿಗೆ ಇರುವ ದರ ನಮ್ಮ ಪಾಲಿಗೆ ಇರಲೇ ಇಲ್ಲ. ಅದರ ಮೇಲೆ ದುಂಡಾಣು ಅಂಗಮಾರಿ ಬೇರೆ. ಎಲೆಯ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ, ಕಡ್ಡಿಯ ಗೆಣ್ಣಿನಲ್ಲಿ ಕಪ್ಪು, ಹಣ್ಣಿನ ಮೇಲೆ ಕಪ್ಪು ಕಲೆಯಾಗಿ ಅದರ ನಡುವೆಯೇ ಬಿರುಕು. ಬೇರೆ ತೋಟದಲ್ಲಿ ಕೆಲಸ ಮಾಡಿ ನೇರವಾಗಿ ಬಂದ ಆ ವರ್ಷದ ಆಳುಗಳು ತೊಳೆಯದ ಕತ್ತರಿಯಲ್ಲೇ ನಮ್ಮ ಗಿಡ ಮುಟ್ಟಿದ್ದರು ಎಂದು ಮೈದುನ ಅವರನ್ನು ದೂರುತ್ತಾನೆ. ಇರಬಹುದು. ಆದರೆ ಗಾಳಿ ಬೆಳಕಿಲ್ಲದ, ಇಬ್ಬನಿ ಹತ್ತು ಗಂಟೆಯಾದರೂ ಆರದ ಆ ಸೊಪ್ಪಿನ ಗುಡಿಸಲನ್ನು ರೋಗಕ್ಕೆ ಕಟ್ಟಿಕೊಟ್ಟವಳು ನಾನಲ್ಲವೇ?

ಈ ವರ್ಷದ ಮೇಸ್ತ್ರಿ ಅರವತ್ತು ಸಮೀಪಿಸಿದವರು, ಒಣಕಲು ಮೈಯವರು. ಹತ್ತು ಆಳುಗಳೊಂದಿಗೆ ಟೆಂಪೋದಿಂದ ಇಳಿದವರೇ ಕತ್ತರಿ ಹಿಡಿಯಲಿಲ್ಲ. ಕೈ ಬೆನ್ನಿಗೆ ಕಟ್ಟಿಕೊಂಡು ಎರಡು ಸಾಲು ಸುಮ್ಮನೆ ನಡೆದು ಬಂದು, ಒಂದು ಗಿಡದ ಬುಡದಲ್ಲಿ ನನ್ನನ್ನು ಕರೆದರು.

"ಅಮ್ಮಾ, ಇಲ್ಲಿ ಕೂತ್ಕಳಿ. ಕೆಳಗಿಂದ ಮ್ಯಾಕೆ ನೋಡಿ. ಆಕಾಶ ಎಲ್ಲೈತೆ ಹೇಳಿ."

ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲೂ ಒಳಗೆ ಅಟ್ಟದಂಥ ಕತ್ತಲೆ. ಹೊರಗಿನಿಂದ ಹಸಿರಾಗಿ ಕಂಡ ಗಿಡದ ನಡುಭಾಗದಲ್ಲಿ ಎಲೆಯೇ ಇರಲಿಲ್ಲ, ಬೂದು ಬಣ್ಣದ ಒಣಕಡ್ಡಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. "ಬಿಸ್ಲು ಬೀಳದ ಜಾಗದಾಗೆ ಹಣ್ಣು ಎಲ್ಲಿಂದ ಬರ್ಬೇಕು? ಇಷ್ಟು ದೊಡ್ಡ ಗಿಡ ಸಾಕಿದ್ದೀರಿ, ಅದ್ರಾಗೆ ಕೆಲಸ ಮಾಡೋದು ಮೇಲಿನ ಒಂದು ಮೊಳ ಮಾತ್ರ" ಎಂದು ಕತ್ತರಿಯನ್ನು ನನ್ನ ಕೈಗೇ ಇಟ್ಟರು.

ಆ ಗಿಡಕ್ಕೆ ನೆಲದಿಂದ ಏಳು ಕಾಂಡಗಳಿದ್ದವು. ನಾಲ್ಕು ಉಳಿಯಬೇಕು, ಮೂರು ಹೋಗಬೇಕು. ಒಂದೇ ಕಾಂಡದ ಮೇಲೆ ದಾಳಿಂಬೆ ನಿಲ್ಲಿಸಿದರೆ ನೋಡಲು ಚೆಂದ, ಕೆಲಸಕ್ಕೂ ಸುಲಭ. ಆದರೆ ಕಾಂಡ ಕೊರಕ ಹೊಕ್ಕರೆ ಗಿಡವೇ ಹೋಯಿತು. ಆದ್ದರಿಂದ ಮೂರು ನಾಲ್ಕು ಕಾಂಡ ಬಿಡುವುದನ್ನೇ ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರೂ ಹೇಳುತ್ತಾರೆ. ಯಾವ ನಾಲ್ಕು ಎಂದು ನಾನು ಲೆಕ್ಕ ಹಾಕುತ್ತ ನಿಂತಿದ್ದಾಗ ಮೇಸ್ತ್ರಿ ನಾಲ್ಕು ದಿಕ್ಕಿಗೆ ಬೆರಳು ತೋರಿಸಿದರು. ದಿಕ್ಕಿಗೊಂದರಂತೆ ಹೊರಕ್ಕೆ ಬಾಗಿದವು ಉಳಿದವು, ನಡುವೆ ನೆಟ್ಟಗೆ ನಿಂತಿದ್ದ ದಪ್ಪನೆಯದೂ ಇನ್ನೆರಡೂ ಗರಗಸಕ್ಕೆ ಹೋದವು. ದಪ್ಪನೆಯದನ್ನು ಕೊಯ್ಯುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು, ಅದರ ಮೇಲೆ ಹೋದ ವರ್ಷ ಮೂವತ್ತಾದರೂ ಹಣ್ಣಿದ್ದವು. ಆಮೇಲೆ ಬುಡದ ಮರಿಚಿಗುರು, ಒಳಗಿನ ನೀರುಚಿಗುರು, ಒಂದರ ಮೇಲೊಂದು ಹಾಯ್ದು ಉಜ್ಜುವ ಕೊಂಬೆ, ಹಣ್ಣು ತೂಗಿದರೆ ನೆಲ ಮುಟ್ಟುವ ಕೆಳಗೊಂಬೆ. ಕಪ್ಪಾದ ಗೆಣ್ಣು ಕಂಡಲ್ಲಿ ಅದಕ್ಕೂ ಎರಡು ಮೂರು ಅಂಗುಲ ಕೆಳಗೆ, ಹಸಿರಾದ ಕಡ್ಡಿಯಲ್ಲಿ ಕತ್ತರಿಸಬೇಕು. ಬಲಿತ ಕೊಂಬೆಗಳ ಮೇಲಿನ ಗಿಡ್ಡ ಕಡ್ಡಿಗಳನ್ನು ಮಾತ್ರ ಮುಟ್ಟುವಂತಿಲ್ಲ, ಹಣ್ಣು ಬರುವುದು ಅವುಗಳಲ್ಲೇ. ಮೊಳದುದ್ದದ ಹೊಳೆಯುವ ನೀರುಚಿಗುರನ್ನು ಉಳಿಸಿ ಈ ಬಡಕಲು ಕಡ್ಡಿಯನ್ನು ತೆಗೆಯಲು ಹೋಗಿ ನಾನು ಎರಡು ಸಲ ಬೈಸಿಕೊಂಡೆ. ಆಳುಗಳು ಒಬ್ಬೊಬ್ಬರು ಐದಾರು ಗಿಡ ಮುಗಿಸುವಷ್ಟರಲ್ಲಿ ನನ್ನದು ಒಂದು ಮುಗಿಯಿತು.

ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಕೂತಾಗ ನನಗೆ ಶಿಮ್ಲಾ ಕಡೆಯ ಚೆರ್ರಿ ತೋಟ ನೆನಪಾಯಿತು. 2019ರ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಹೋಗಿದ್ದಾಗ, ನಾರ್ಕಂಡಾ ಹತ್ತಿರದ ಒಂದು ತೋಟದಲ್ಲಿ ಎಳೆ ಚೆರ್ರಿ ಗಿಡಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿದ್ದನ್ನು ಕಂಡು ನಾವು ನಕ್ಕಿದ್ದೆವು. ಚೆರ್ರಿಯ ಸ್ವಭಾವವೇ ನೆಟ್ಟಗೆ ಮೇಲೇರುವುದಂತೆ. ಚಿಗುರು ಗೇಣುದ್ದವಾಗುವ ಮೊದಲೇ ಕಾಂಡಕ್ಕೂ ಅದಕ್ಕೂ ನಡುವೆ ಕ್ಲಿಪ್ಪು ಸಿಕ್ಕಿಸಿ ಅಗಲಿಸದಿದ್ದರೆ ಕವಲು ಇಕ್ಕಟ್ಟಾಗಿ, ಮುಂದೆ ಹಣ್ಣಿನ ಭಾರಕ್ಕೆ ಸೀಳುತ್ತದೆ, ಫಸಲೂ ತಡವಾಗುತ್ತದೆ. ಎರಡು ವರ್ಷ ದಾಟಿದ ಕೊಂಬೆಯ ಮೇಲಿನ ಕುಳ್ಳ ಕಡ್ಡಿಗಳಲ್ಲಿ ಗೊಂಚಲು ಕಟ್ಟುವುದರಿಂದ ಆ ಕೊಂಬೆಗೆ ಬಿಸಿಲು ಬೀಳುವಂತೆ ನೋಡಿಕೊಳ್ಳುವುದೇ ಅಲ್ಲಿನವರ ಮುಖ್ಯ ಕೆಲಸ. ಕೊಯ್ಲಾದ ಮೇಲೆ ಒಣ ದಿನ ನೋಡಿ ಸವರುತ್ತಾರೆ, ಹಸಿ ಗಾಯಕ್ಕೆ ಮಳೆ ತಾಗಿದರೆ ದುಂಡಾಣು ಹೊಕ್ಕು ಕಾಂಡ ಅಂಟು ಸುರಿಸುತ್ತದೆ ಎಂದು. ಏಳು ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗದೆ ಕಣ್ಣು ಬಿಡದ ಆ ಗಿಡಕ್ಕೂ, ನಲವತ್ತು ಡಿಗ್ರಿಯಲ್ಲಿ ನಿಂತಿರುವ ನಮ್ಮ ಗಿಡಕ್ಕೂ ಯಾವ ನಂಟೂ ಇಲ್ಲ. ಆದರೂ ಕ್ಲಿಪ್ಪಿನ ಉಪಾಯವನ್ನು ಊರಿಗೆ ತಂದು ನಮ್ಮ ಎಳೆ ದಾಳಿಂಬೆಗೂ ಸಿಕ್ಕಿಸಿದ್ದೆ. ಆಷಾಢದ ಗಾಳಿಗೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಅದೇ ಗಾಳಿಗೆ, ಒಂದೇ ವಾರದಲ್ಲಿ ಅಷ್ಟೂ ಹಾರಿಹೋದವು. ಮಾವನವರು ಒಂದು ಮಾತೂ ಆಡದೆ ಗೋಣಿದಾರ, ಗೂಟ ತಂದು ಕೊಂಬೆಗಳನ್ನು ಎಳೆದು ಕಟ್ಟಿದ್ದರು. ದಿಕ್ಕಿಗೊಂದು ಕಾಂಡ ಹೊರಕ್ಕೆ ಬಾಗಿದ್ದು ಆ ದಾರದಿಂದಲೇ. ಮೇಸ್ತ್ರಿ ಬೆಳಿಗ್ಗೆ ಬೆರಳು ತೋರಿಸಿದ್ದು ಅವಕ್ಕೇ.

ಕತ್ತರಿಯ ವಿಷಯದಲ್ಲಿ ಮೇಸ್ತ್ರಿಯದು ಮಡಿವಂತರ ಶಿಸ್ತು. ಆಳಿಗೆ ಎರಡು ಕತ್ತರಿ. ಒಂದು ಕೈಯಲ್ಲಿದ್ದರೆ ಇನ್ನೊಂದು ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಬಕೀಟಿನಲ್ಲಿ. ಗಿಡ ಬದಲಾದರೆ ಕತ್ತರಿ ಬದಲಾಗಬೇಕು. ಕಡಿದದ್ದನ್ನೆಲ್ಲ ಇಬ್ಬರು ಹೆಂಗಸರು ಹೊರೆ ಕಟ್ಟಿ ಬದುವಿನಾಚೆ ಸುಡುತ್ತಿದ್ದರು, ಒಂದು ಎಲೆಯೂ ಸಾಲಿನಲ್ಲಿ ಉಳಿಯಬಾರದು. ಗಾಯಕ್ಕೆ ಬೋರ್ಡೋ ಮುಲಾಮು. ಒಂದು ಕೆಜಿ ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐದು ಲೀಟರ್ ನೀರಿಗೆ ನೆನೆಹಾಕಿ, ಒಂದು ಕೆಜಿ ಸುಣ್ಣವನ್ನು ಬೇರೆ ಐದು ಲೀಟರಿನಲ್ಲಿ ಕದಡಿ, ಆಮೇಲೆ ಎರಡನ್ನೂ ಕೂಡಿಸಬೇಕು. ಮೇಸ್ತ್ರಿ ತಮ್ಮ ಕುಡುಗೋಲಿನ ತುದಿಯನ್ನು ಅದರೊಳಗೆ ಒಂದು ನಿಮಿಷ ಅದ್ದಿ ಬಿಸಿಲಿಗೆ ಹಿಡಿದರು. ಅಲಗಿನ ಮೇಲೆ ತಾಮ್ರದ ಕೆಂಪು ತೆಳ್ಳಗೆ ಹತ್ತಿತ್ತು. "ಸುಣ್ಣ ಸಾಲ್ದು" ಎಂದು ಎರಡು ಹಿಡಿ ಹಾಕಿಸಿ ಮತ್ತೆ ಅದ್ದಿದಾಗ ಅಲಗು ಬೆಳ್ಳಗೇ ಉಳಿಯಿತು. ಆಕಾಶನೀಲಿಯ ಆ ಗಟ್ಟಿ ಮುಲಾಮನ್ನು ಬ್ರಷ್ಷಿನಲ್ಲಿ ಬಳಿಯುವ ಕೆಲಸ ನನ್ನದಾಯಿತು. ಸಂಜೆಯ ಹೊತ್ತಿಗೆ ನನ್ನ ಸೀರೆಯ ಅಂಚೂ ಅದೇ ಬಣ್ಣಕ್ಕೆ ತಿರುಗಿತ್ತು.

ಎರಡನೆಯ ದಿನ ರಾತ್ರಿ ಎರಡು ಗಂಟೆಗೆ ಶೀಟಿನ ಮೇಲೆ ಹನಿ ಬಿದ್ದ ಸದ್ದಿಗೆ ಎದ್ದು ಕೂತೆ. ಕೃತ್ತಿಕೆಯ ಕೊನೆಯ ಹನಿ, ಹದಿನೈದು ನಿಮಿಷ ಹೊಡೆದು ನಿಂತಿತು. ಬೆಳಕು ಹರಿಯುತ್ತಲೇ ಮೈದುನನೂ ನಾನೂ ಬ್ರಷ್ಷು ಡಬ್ಬಿ ಹಿಡಿದು ಸಾಲು ಹೊಕ್ಕೆವು. ಮೊದಲ ದಿನ ಬಳಿದದ್ದು ಕಚ್ಚಿ ಕೂತಿತ್ತು, ಹಿಂದಿನ ಸಂಜೆ ತಡವಾಗಿ ಬಳಿದದ್ದು ಆರದೆ ತೊಗಟೆಯ ಮೇಲೆ ನೀಲಿ ಗೆರೆಯಾಗಿ ಇಳಿದಿತ್ತು. ಅಂಥ ನಲವತ್ತು ಗಿಡಗಳಿಗೆ ಒರೆಸಿ ಮತ್ತೆ ಬಳಿದೆವು. ಆಳುಗಳು ಎಂಟೂವರೆಗೇ ಬಂದಿದ್ದರೂ ಎಲೆಯ ನೀರು ಆರುವವರೆಗೆ ಮೇಸ್ತ್ರಿ ಕತ್ತರಿ ಮುಟ್ಟಲು ಬಿಡಲಿಲ್ಲ. ಅರ್ಧ ದಿನದ ಕೂಲಿ ಹಾಗೇ ಹೋಯಿತೆಂದು ಮೈದುನ ಗೊಣಗಿದ. ನನಗೆ ಮಾತ್ರ ಆ ಕೂಲಿ ದಂಡವೆನಿಸಲಿಲ್ಲ.

ಮೂರನೆಯ ಸಂಜೆ ಲೆಕ್ಕ ಚುಕ್ತಾ ಮಾಡುವಾಗ ಮೇಸ್ತ್ರಿ, "ಮೂರು ತಿಂಗಳು ಗಿಡ ಸುಮ್ಕೆ ಇರ್ಲಿ. ಗೊಬ್ರ ಕೊಡಿ, ಬೋರ್ಡೋ ಹೊಡೀತಿರಿ. ಆಮೇಲೆ ನೀರು ಕಟ್ ಮಾಡಿ ಎಲೆ ಉದುರ್ಸಿದ ಮ್ಯಾಲೆ ಹಸ್ತ ಮಳೆ ಹೊತ್ಗೆ ಫೋನ್ ಮಾಡಿ, ಆವಾಗ ತುದಿ ಕಟಿಂಗ್ ಅಷ್ಟೇ" ಎಂದರು. ಹಣ ಎಣಿಸಿ ಜೇಬಿಗಿಟ್ಟುಕೊಂಡವರು ಟೆಂಪೋ ಹತ್ತದೆ ನನ್ನ ಗಿಡದ ಹತ್ತಿರ ಹೋದರು. ದಪ್ಪ ಕಾಂಡವನ್ನು ಬುಡಕ್ಕೆ ಕೊಯ್ಯಲು ಮನಸ್ಸು ಬಾರದೆ ನಾನು ಗೇಣುದ್ದದ ಮೋಟು ಬಿಟ್ಟಿದ್ದೆ, ಅದಕ್ಕೆ ನೀಟಾಗಿ ಮುಲಾಮನ್ನೂ ಬಳಿದಿದ್ದೆ. ಅವರು ಮಂಡಿಯೂರಿ ಗರಗಸವಿಟ್ಟು ಅದನ್ನು ಬುಡಕ್ಕೆ ಸರಿಯಾಗಿ ಕೊಯ್ದು, ನೀಲಿ ತುದಿಯ ಆ ತುಂಡನ್ನು ನನ್ನ ಕೈಗೆ ಕೊಟ್ಟು, "ಮುಲಾಮು ಉಳ್ದೈತಾ ಅಮ್ಮಾ?" ಎಂದು ಕೇಳಿದರು. ಡಬ್ಬಿಯ ತಳದಲ್ಲಿ ಒಂದು ಗಾಯಕ್ಕೆ ಆಗುವಷ್ಟಿತ್ತು.